ಆಸ್ಟ್ರಿಯಾದ ಪರವಾಗಿ ಆಡದ ಮಾತು

ಆಗ ನಮ್ಮ ತ್ಯಾಗಲಿ ಊರಿನ ಕಡೆಯ ಮಕ್ಕಳು ವಾದ ಮಾಡಲು ಕಲಿತದ್ದು ತಾಳಮದ್ದಳೆ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಕೂತು ಶತ್ರುಗಳಾಗಿ ಮಾತಿನಲ್ಲೇ ಹೊಡೆದಾಡಿದ ದೊಡ್ಡವರು, ಮುಗಿದ ಮೇಲೆ ನಗುತ್ತಾ ಚಹಾ ಕುಡಿಯುತ್ತಿದ್ದರು.

ಹಾವೇರಿ ಕಡೆಯಿಂದ ಬಂದಿದ್ದ ನಮ್ಮ ಹೈಸ್ಕೂಲಿನ ಚರಿತ್ರೆಯ ಅಕ್ಕೋರಿಗೆ ಇದು ಬಹಳ ಹಿಡಿಸಿತ್ತು. ಮೊದಲ ಮಹಾಯುದ್ಧವನ್ನೂ ಹಾಗೇ ಕಲಿಸಹೊರಟರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಯುರೋಪು ಬರೆದು ಒಬ್ಬೊಬ್ಬರನ್ನು ಒಂದೊಂದು ದೇಶದಲ್ಲಿ ಕೂರಿಸಿದರು. ನಾನು ಸರ್ಬಿಯಾ, ಪಕ್ಕದ ಮನೆಯ ಭಾಗಿ ಆಸ್ಟ್ರಿಯಾ. ದಿನಾ ಅವಳ ಡಬ್ಬಿಯ ಅಪ್ಪೆಮಿಡಿಯನ್ನು ನನ್ನ ಮೊಸರನ್ನಕ್ಕೆ ನೆಂಜಿಕೊಳ್ಳುತ್ತಿದ್ದವಳು ನಾನು. ಯುದ್ಧಕ್ಕೆ ನಗುತ್ತಲೇ ಕೂತೆವು.

ಭಾಗಿ ಗ್ರಾಂಥಿಕ ಕನ್ನಡದಲ್ಲಿ, ತನ್ನ ಯುವರಾಜನನ್ನು ಕೊಂದವರನ್ನು ಒಪ್ಪಿಸು ಎಂದಳು. ಚಪ್ಪಾಳೆ ಬಿತ್ತು. ನಿನಗೆ ಬೇಕಿರುವುದು ನ್ಯಾಯವಲ್ಲ, ನನ್ನ ನೆಲ ಎಂದೆ. ಅದಕ್ಕೂ ಚಪ್ಪಾಳೆ. ತಾಳಮದ್ದಳೆಯವರಂತೆ ಊರಿನ ಉದಾಹರಣೆ ಕೊಡುವ ಹುಮ್ಮಸ್ಸಿನಲ್ಲಿ ಅವಳು ಆಸ್ಟ್ರಿಯಾವನ್ನೇ ಮರೆತಳು.

"ನೆಲದ ಮಾತು ನೀನು ಆಡಡ. ನಿನ್ನಪ್ಪ ಬೇಲಿ ಸರಿಸಿದ್ದು ಊರಿಗೇ ಗೊತ್ತಿದ್ದು."

ನಮ್ಮೆರಡು ಮನೆಯವರೂ ಒಳಗೊಳಗೇ ನುಂಗಿಕೊಂಡಿದ್ದ ಮಾತು ಅದು. ರಷ್ಯಾ ಎದ್ದು ನನ್ನ ಪಕ್ಕ ನಿಂತಿತು, ಜರ್ಮನಿ ಅವಳ ಪಕ್ಕ. ಮಿಕ್ಕವರೂ ಎದ್ದರು. ಯುದ್ಧ ಹೇಗೆ ಹಬ್ಬುತ್ತದೆಂದು ಬೇರೆ ಪಾಠ ಬೇಕಾಗಲಿಲ್ಲ. ಅಕ್ಕೋರು ನಡುವೆ ಬಂದರು.

"ನಾಳೆ ನೀವಿಬ್ರೂ ಪಾತ್ರ ಬದಲು ಮಾಡ್ಕೊಳ್ರಿ. ಆಕಿ ಮಾತು ನೀ ಆಡು, ನಿನ್ನ ಮಾತು ಆಕಿ ಆಡ್ಲಿ. ಆಮ್ಯಾಲೆ ಯಾರು ಸರಿ ಅಂತ ಹೇಳ್ರಿ."

ಆ ಸಂಜೆ ಹಟ ಹಿಡಿದು ಆಸ್ಟ್ರಿಯಾದ ಮಾತುಗಳನ್ನು ಹೊಂದಿಸಿಕೊಂಡೆ. ವಾರಸುದಾರನನ್ನೇ ಕಳೆದುಕೊಂಡ ಮುದಿ ಚಕ್ರವರ್ತಿಯ ಸಂಕಟ ಹೇಳಿಕೊಳ್ಳುತ್ತ ಹೋದಂತೆ ಭಾಗಿಯ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆದರೆ ಶಾಲೆಯ ಜಗಳ ಅಷ್ಟರಲ್ಲಿ ಎರಡೂ ಮನೆ ಮುಟ್ಟಿತ್ತು. ಮರುದಿನ ಅವಳು ಬರಲಿಲ್ಲ. ಅವಳನ್ನು ಯಲ್ಲಾಪುರದ ಸೋದರಮಾವನ ಮನೆಗೆ ಕಳಿಸಿ ಅಲ್ಲೇ ಶಾಲೆಗೆ ಸೇರಿಸಿದರು. ಅಕ್ಕೋರು ಉಳಿದ ಯುದ್ಧವನ್ನು ಪುಸ್ತಕ ನೋಡಿ ಓದಿ ಮುಗಿಸಿದರು.

ಈಗ ಸಿರಸಿಯಲ್ಲಿ ನನ್ನ ಮಗಳ ಶಾಲೆಯವರು ಅದೇ ಯುದ್ಧವನ್ನು ಪರದೆಯ ಮೇಲೆ ತೋರಿಸುತ್ತಾರೆ. ನಕ್ಷೆಯ ತುಂಬ ಬಾಣದ ಗುರುತುಗಳು ಸರಸರ ಓಡುತ್ತವೆ. ಯಾರೂ ಜಗಳವಾಡುವುದಿಲ್ಲ, ಎದುರಿನವರ ಪಾತ್ರ ವಹಿಸುವುದೂ ಇಲ್ಲ. ಪಾಪ, ಮಕ್ಕಳಿಗೆ ಅಂಕ ಮಾತ್ರ ಚೆನ್ನಾಗಿ ಬರುತ್ತದೆ.

ಭಾಗಿ ಮದುವೆಮನೆಗಳಲ್ಲಿ ಸಿಗುತ್ತಾಳೆ. ಮಕ್ಕಳ ಓದು ವಿಚಾರಿಸಿಕೊಳ್ಳುತ್ತೇವೆ, ಅಲ್ಲಿಗೆ ಮಾತು ಮುಗಿಯುತ್ತದೆ. ಒಂದು ಸಂಜೆ ಪೂರ್ತಿ ನಾನು ಅವಳ ಪರವಾಗಿ ಮನಸಾರೆ ವಾದಿಸಿದ್ದೆ. ಅದು ಅವಳಿಗೆ ಗೊತ್ತೇ ಇಲ್ಲ.