ದೊರೆಗೆ ಚಹಾ ತಂದವರು

ಹಿಕ್ಸ್‌ವಿಲ್‌ನಿಂದ ಮ್ಯಾನ್‌ಹಟನ್‌ಗೆ ಹೋದ ರೈಲಿನಿಂದಿಳಿದು ಮೆಟ್ಟಿಲು ಹತ್ತುವಾಗ ಮೊನ್ನೆ ಕರಿ ಬೂಟ್ ಪಾಲಿಶ್‌ನ ವಾಸನೆ ಮೂಗಿಗೆ ಬಡಿಯಿತು. ಕೋಟು ತೊಟ್ಟವನೊಬ್ಬ ಎತ್ತರದ ಕುರ್ಚಿಯಲ್ಲಿ ಕೂತು ಬೂಟು ಉಜ್ಜಿಸಿಕೊಳ್ಳುತ್ತಿದ್ದ, ಕಣ್ಣು ಮಾತ್ರ ಫೋನಿನ ಮೇಲೆ. ಲಾಂಗ್ ಐಲೆಂಡ್‌ಗೆ ಬರುವ ಮೊದಲು ಸಮರ್‌ಸೆಟ್‌ನಲ್ಲಿದ್ದಾಗಿನ ಪಕ್ಕದ ಮನೆಯ ಅಂಕಲ್ ನೆನಪಾದರು… ಜೊತೆಗೆ ಹಳೆಯ ಸಿಟ್ಟೂ.

ಮಂಗಳೂರು ಕಡೆಯ ಕ್ಯಾಥೊಲಿಕರು. ಆಂಟಿ ಆಸ್ಪತ್ರೆಯಲ್ಲಿ ನರ್ಸ್. ಅಂಕಲ್ ತಮ್ಮ ಮೋಟೆಲ್ ಮಾರಿ ಮನೆಯಲ್ಲಿದ್ದರು. ಭಾನುವಾರ ಚರ್ಚಿಗೆ ಹೊರಡುವ ಮುನ್ನ ಗ್ಯಾರೇಜಿನ ಬಾಗಿಲು ತೆರೆದಿಟ್ಟು ಬೂಟು ಪಾಲಿಶ್ ಮಾಡುತ್ತ ಕೂರುತ್ತಿದ್ದರು. ನಾನು ಕಣ್ಣಿಗೆ ಬಿದ್ದರೆ ಮುಗಿಯಿತು, ದೊರೆಯ ಕಥೆ ಶುರು. ಆ ದೊರೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಅಂಕಲ್‌ರ ತಂದೆ ಹಡಗಿನಲ್ಲಿ ಅವನ ಬಟ್ಲರ್. ಊಟ, ಚಹಾ, ಬಟ್ಟೆ, ಬೂಟು ಎಲ್ಲಕ್ಕೂ ಅವರದೇ ಕೈ.

ಕಥೆ ನನಗೆ ಬಾಯಿಪಾಠವಾಗಿತ್ತು. ಹದಿಮೂರನೆಯ ವಯಸ್ಸಿಗೆ ದೊರೆ ನೌಕಾ ಶಾಲೆ ಸೇರಿದ್ದು. ಮೊದಲ ಮಹಾಯುದ್ಧದಲ್ಲಿ, ಮೀಸೆ ಮೂಡುವ ಮೊದಲೇ, ಹಡಗು ಮುಳುಗಿ ಕೊರೆಯುವ ನೀರಿನಲ್ಲಿ ಹಲಗೆ ಹಿಡಿದು ತೇಲಿದ್ದು. ಯುದ್ಧ ಮುಗಿದು ಹಡಗುಗಳು ಕಡಿಮೆಯಾದಾಗ ಅರ್ಧ ಸಂಬಳದಲ್ಲಿ ಮನೆ ಸೇರಿದ್ದು. ಮತ್ತೆ ಕರೆ ಬಂದು ಮುಂಬಯಿ, ಕೊಲಂಬೊ. ಎರಡನೆಯ ಯುದ್ಧದಲ್ಲಿ ಸರಕು ಹಡಗುಗಳ ಕಾವಲು, ಎದೆಯ ಮೇಲೆ ಪದಕ. "ಸಾಹೇಬರು" ಎನ್ನುವಾಗ ಅಂಕಲ್ ಕೂತಲ್ಲೇ ನೆಟ್ಟಗಾಗುತ್ತಿದ್ದರು. ಥೂ, ಇಷ್ಟು ವರ್ಷವಾದರೂ ಈ ಮನುಷ್ಯ ಸಲಾಮು ಹೊಡೆಯುವುದನ್ನು ಬಿಟ್ಟಿಲ್ಲವಲ್ಲ ಎಂದು ನನಗೆ ಹೇಸಿಗೆಯಾಗುತ್ತಿತ್ತು. ಆಂಟಿಗೂ ದೊರೆಯ ಹೆಸರೆತ್ತಿದರೆ ಮೈ ಉರಿಯುತ್ತಿತ್ತು.

ಬ್ಯಾಂಕುಗಳು ಮಗುಚಿದ ವರ್ಷ ನನ್ನ ಕೆಲಸವೂ ಹೋಯಿತು. ಏಳು ವರ್ಷ ದುಡಿದರೂ ನನ್ನ ಹೆಸರನ್ನು ಸರಿಯಾಗಿ ಹೇಳಲು ಬಾರದ ಮ್ಯಾನೇಜರ್ ಒಂದು ರಟ್ಟಿನ ಡಬ್ಬ ಕೊಟ್ಟು ಕಳಿಸಿದ. ಅಂಕಲ್ ಸಮಾಧಾನ ಹೇಳಲು ಬಂದರು. ಸಾಹೇಬರನ್ನೂ ಹೀಗೇ ಲೇಆಫ್ ಮಾಡಿದ್ದರಂತೆ, ಆಮೇಲೆ ವಾಪಸ್ ಕರೆದರಂತೆ, ನನ್ನನ್ನೂ ಕರೆಯುತ್ತಾರಂತೆ! ಅದಕ್ಕೆ ಇನ್ನೊಂದು ಮಹಾಯುದ್ಧವೇ ಆಗಬೇಕೇನೋ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ದೊರೆ ತನ್ನ ಜೀವನದ ಬಗ್ಗೆ ಪುಸ್ತಕ ಬರೆದಿದ್ದಾನೆಂದು ಅವರಿಗೆ ತಿಳಿದದ್ದು ಆಗಲೇ. ನನ್ನ ಲ್ಯಾಪ್‌ಟಾಪಿನಿಂದ ಇಂಗ್ಲೆಂಡಿನ ಹಳೆ ಪುಸ್ತಕದಂಗಡಿಗೆ ಆರ್ಡರ್ ಮಾಡಿಸಿದರು. ಅಂಕಲ್ ಎಂಟು ವರ್ಷದವರಿದ್ದಾಗ ತಂದೆ ಹಡಗಿನಲ್ಲೇ ಜ್ವರ ಬಂದು ತೀರಿಕೊಂಡಿದ್ದರು. ಒಂದು ಫೋಟೋವೂ ಇರಲಿಲ್ಲ. ಊರಿಗೆ ಬರೆದ ಕಾಗದಗಳಲ್ಲೂ ಬರೀ ದೊರೆಯ ಸುದ್ದಿಯೇ.

"ಒಂಬತ್ತು ವರ್ಷ ಸಾಹೇಬರ ಒಟ್ಟಿಗೆ ಇದ್ದದ್ದು ಮಾರಾಯ. ಪಪ್ಪನ ಬಗ್ಗೆ ಬರೆದೇ ಬರೆದಿರ್ತಾರೆ," ಎಂದರು.

ಅವರ ಕಣ್ಣಿಗೆ ಪೊರೆ ಬಂದಿತ್ತು, ಓದುವ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಉದ್ಯೋಗವೇನಿತ್ತು? ಒಂದು ವಾರ ಕೂತು ಮೊದಲಿನಿಂದ ಕೊನೆಯವರೆಗೆ ಆ ಬಟ್ಲರ್‌ನ ಹೆಸರನ್ನು ಹುಡುಕಿದೆ. ದೊರೆಯ ಕುದುರೆ ಇತ್ತು, ಅತ್ತೆ ಇದ್ದಳು, ಹಡಗಿನಲ್ಲಿ ಸಾಕಿದ್ದ ನಾಯಿಯೂ ಇತ್ತು. ಭಾನುವಾರ ಗ್ಯಾರೇಜಿಗೆ ಹೋದೆ.

"ಅಂಕಲ್, ನಾಯಿ ಹನ್ನೊಂದು ಪುಟಗಳಲ್ಲಿದೆ. ನಿಮ್ಮ ಅಪ್ಪ ಎಲ್ಲೂ ಇಲ್ಲ."

ಹೇಳುವಾಗ ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

ಬ್ರಶ್ ನಿಂತಿತು. ಚಾದ ಸುದ್ದಿ ಎಲ್ಲಾದರೂ ಉಂಟಾ ನೋಡು ಎಂದರು. ಇತ್ತು. ರಾತ್ರಿಯಿಡೀ ಶತ್ರು ವಿಮಾನಗಳು ಬಾಂಬು ಸುರಿದದ್ದನ್ನು ವರ್ಣಿಸಿ, ಬೆಳಕು ಹರಿದಾಗ ಬಿಸಿ ಚಹಾ ಬಂತು, ಹೋದ ಜೀವ ಬಂದ ಹಾಗಾಯಿತು ಎಂದು ದೊರೆ ಬರೆದಿದ್ದ. ಯಾರು ತಂದರು ಎಂದಿರಲಿಲ್ಲ. ಎರಡು ಸಲ ಓದಿಸಿದರು.

"ಅದು ಪಪ್ಪ," ಎಂದರು. "ಅಲ್ಲಿ ಬದಿಯಲ್ಲಿ ಪಪ್ಪನ ಹೆಸರು ಬರೆದುಬಿಡು ಮಾರಾಯ. ನಂಗೆ ಗೆರೆ ಕಾಣುದಿಲ್ಲ."

ಪೆನ್ನು ಜೇಬಿನಲ್ಲೇ ಇತ್ತು. ಚಹಾಕ್ಕೆ ಕಾಲು ಬಂದು ಅದೇ ನಡೆದು ಬಂತೆಂದು ಬರೆದವನ ಪುಸ್ತಕದಲ್ಲಿ ನಿಮ್ಮ ಅಪ್ಪನಿಗೆ ಜಾಗ ಬೇಡುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಉಪದೇಶ ಮಾಡಿ, ಪುಸ್ತಕ ಮುಚ್ಚಿ ಅವರ ಪಕ್ಕದಲ್ಲಿಟ್ಟು ಬಂದೆ. ಅವರು ಮತ್ತೆ ಕೇಳಲಿಲ್ಲ. ದೊರೆಯ ಕಥೆಯೂ ನಿಂತಿತು… ಗೆದ್ದೆ ಅಂದುಕೊಂಡೆ.

ಆಮೇಲೆ ನನಗೆ ಕೆಲಸ ಸಿಕ್ಕಿತು, ಲಾಂಗ್ ಐಲೆಂಡ್‌ಗೆ ಮೂವ್ ಆದೆವು. ಅಂಕಲ್ ತೀರಿಕೊಂಡ ಸುದ್ದಿ ಬಂದಾಗ ಆಫೀಸು, ಟ್ರಾಫಿಕ್ಕು ಎಂದು ನೆವ ಹೇಳಿ ಹೋಗಲಿಲ್ಲ. ದೊರೆಯನ್ನು ನಾನು ಈಗಲೂ ಕ್ಷಮಿಸಿಲ್ಲ. ಆದರೆ ಅವತ್ತು ಒಂದು ಹೆಸರು ಬರೆಯಲು ನನಗೇನು ಧಾಡಿಯಾಗಿತ್ತು? ಎರಡು ನಿಮಿಷದ ಕೆಲಸ.

ಮೊನ್ನೆಯಿಂದ ಆ ಬಟ್ಲರ್‌ನ ಹೆಸರನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ವಾರವಿಡೀ ಹುಡುಕಿದ್ದ ಹೆಸರು, ನಾಲಿಗೆಯ ತುದಿಗೂ ಬರುತ್ತಿಲ್ಲ. ಆಂಟಿಗೆ ಫೋನ್ ಮಾಡೋಣವೆಂದರೆ ಯಾವ ಮುಖ ಇಟ್ಟುಕೊಂಡು ಕೇಳಲಿ?

ದೊರೆಯ ನಾಯಿಯ ಹೆಸರು ರಸ್ಟಿ. ಅದು ಮಾತ್ರ ಚೆನ್ನಾಗಿ ನೆನಪಿದೆ.