ಇಳಿಯದ ಮುಳ್ಳು

ಹೋದ ವರ್ಷ ಶ್ರಾವಣ ಶುರುವಾದ ವಾರ. ನಾನು ಮಸ್ಕಿಯಲ್ಲಿ ಟಿ.ವಿ. ರಿಪೇರಿ ಮಾಡುವವನು. ಅಕ್ಕನ ಗಂಡ, ಅಂದರೆ ನಮ್ಮ ಮಾವನಿಗೆ, ಸಿಂಧನೂರಿನಲ್ಲಿ ಹಳೆ ರೇಡಿಯೊ ಅಂಗಡಿ. ಸಿಕ್ಕಾಗಲೆಲ್ಲ ಕಾಲೆಳೆಯುವುದೇ ನಮ್ಮ ಕೆಲಸ, ಅದೂ ಮೀಟರಿನ ವಿಷಯಕ್ಕೆ. ಅವರದು ಹಳೆ ರೇಡಿಯೊದಲ್ಲಿರುವಂಥ ಗಾಜಿನ ವಾಲ್ವ್ ಇರುವ ಮುಳ್ಳಿನ ವೋಲ್ಟ್‌ಮೀಟರ್. ಹಚ್ಚಿದರೆ ಬಿಸಿಯಾಗಲು ಹೊತ್ತು ಬೇಕು, ಆಮೇಲೆ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಬೇಕು. ನನ್ನದು ಅಂಗೈಯಗಲದ ಡಿಜಿಟಲ್.

"ಮಾವಾ, ನಿಮ್ಮ ಮೀಟರ್ ಎಚ್ಚರಾಗೋದ್ರಾಗ ನಾ ಚಾ ಕುಡದು ಬರ್ತೀನ್ರಿ."

"ನಗಬ್ಯಾಡಲೇ ಅಳಿಯಾ. ನಿಂದು ಬರೇ ಅಂಕಿ ಹೇಳ್ತೈತಿ. ನಂದು ಹೆಂಗ ಏರ್ತೈತಿ, ಹೆಂಗ ಇಳೀತೈತಿ ತೋರಸ್ತೈತಿ."

ಅವತ್ತು ತುರ್ವಿಹಾಳದ ಭಜನೆಯವರ ಹಳೆ ಆಂಪ್ಲಿಫೈಯರ್ ಬಂದಿತ್ತು. ಅದರ ವಾಲ್ವ್‌ಗಳನ್ನು ಕಿತ್ತಿಟ್ಟು, ಕರೆಂಟ್ ಕೊಟ್ಟು, ದೊಡ್ಡ ಕಂಡೆನ್ಸರ್ ಮೇಲೆ ಇಬ್ಬರೂ ಅಳೆದೆವು. ಎರಡೂ ಮೀಟರ್ ಮುನ್ನೂರು ವೋಲ್ಟಿನ ಆಸುಪಾಸು ತೋರಿಸಿದವು. ಸ್ವಿಚ್ ಆರಿಸಿದೆವು. ಆರಿಸಿದ ಮೇಲೂ ಕಂಡೆನ್ಸರ್ ಕರೆಂಟ್ ಹಿಡಿದಿಟ್ಟುಕೊಂಡಿರಬಹುದು, ಅದಕ್ಕೇ ಮತ್ತೊಮ್ಮೆ ಅಳೆದೆ. ಸೊನ್ನೆ.

"ಖಾಲಿ ಆಗೈತ್ರಿ ಮಾವಾ," ಎಂದು ಕೈ ಚಾಚಿದೆ.

"ತಡೀಲೇ, ನನ್ನ ಮುಳ್ಳು ಇಳಿಯೋದು ನೋಡ್ತೀನಿ," ಎನ್ನುತ್ತ ಮಾವ ತಮ್ಮ ಮೀಟರಿನ ಕಡ್ಡಿ ಮುಟ್ಟಿಸಿದರು. ಮುಳ್ಳು ಎದ್ದು ನಿಂತಿತು. ಇಳಿಯಲೇ ಇಲ್ಲ. ಮರುಗಳಿಗೆ ರಪ್ಪನೆ ನನ್ನ ಕೈಗೆ ಹೊಡೆದು ಸರಿಸಿದರು. ಕರೆಂಟನ್ನು ಬಸಿದುಹಾಕಬೇಕಿದ್ದ ರೆಸಿಸ್ಟರ್ ಸುಟ್ಟುಹೋಗಿತ್ತು. ಮಾವ ಸಣ್ಣ ಬಲ್ಬಿನ ವೈರುಗಳನ್ನು ಕಂಡೆನ್ಸರಿಗೆ ಮುಟ್ಟಿಸಿದಾಗ ಅದು ಫಕ್ಕನೆ ಹೊತ್ತಿ ಆರಿತು. ಅಷ್ಟೂ ನನ್ನ ಮೈಯೊಳಗೆ ಹರಿಯಬೇಕಿತ್ತು.

ನನ್ನ ಮೀಟರ್ ಕೆಟ್ಟಿರಲಿಲ್ಲ. ಎತ್ತಿಕೊಳ್ಳುವಾಗ ಹೆಬ್ಬೆರಳು 'ಹೋಲ್ಡ್' ಗುಂಡಿಯನ್ನು ಒತ್ತಿಬಿಟ್ಟಿತ್ತು. ಒತ್ತಿದರೆ ಆ ಗಳಿಗೆಯಲ್ಲಿದ್ದ ಅಂಕಿ ಹಾಗೇ ನಿಂತುಬಿಡುತ್ತದೆ. ಏನನ್ನೂ ಮುಟ್ಟದಿದ್ದಾಗಿನ ಸೊನ್ನೆಯನ್ನೇ ನಾನು ಕಂಡೆನ್ಸರಿನ ಸೊನ್ನೆ ಎಂದು ನಂಬಿದ್ದೆ.

ಚಾ ತಂದ ಅಕ್ಕ, "ಯಾಕ್ರಿ, ಇಬ್ರೂ ಹಿಂಗ ಕುಂತೀರಿ?" ಎಂದಳು. "ಏನಿಲ್ಲ," ಎಂದರು ಮಾವ. ಚಾ ಬದಿಗಿಟ್ಟು, ಬಲ್ಬಿನ ವೈರುಗಳನ್ನು ಮತ್ತೊಮ್ಮೆ ಕಂಡೆನ್ಸರಿಗೆ ಮುಟ್ಟಿಸಿ ನೋಡಿದರು.

ಈಗಲೂ ನಾನು ಡಿಜಿಟಲನ್ನೇ ಬಳಸುತ್ತೇನೆ. ಲಿಂಗಸುಗೂರಿಗೆ ರಿಪೇರಿಗೆ ಹೋದರೆ ಜೇಬಿನಲ್ಲೇ ಬರುತ್ತದೆ, ಅಂಕಿಯೂ ನಿಖರ. ಆದರೆ ಸೊನ್ನೆ ಕಂಡರೆ ಮೊದಲು ಬ್ಯಾಟರಿಗೆ ಮುಟ್ಟಿಸಿ, ಮೀಟರಿಗೆ ಜೀವವಿದೆಯೋ ಇಲ್ಲವೋ ನೋಡುತ್ತೇನೆ. ಅದು ಸುಲಭ. ಸಂಕಟವಾಗುವುದು ಬೇರೆಯದಕ್ಕೆ. ಅವತ್ತಿನಿಂದ ಮಾವ ನನ್ನ ಮೀಟರನ್ನು ಒಮ್ಮೆಯೂ ಹಂಗಿಸಿಲ್ಲ. ಗೆದ್ದವರು ಮೀಸೆ ತಿರುವಬೇಕಿತ್ತು. ಕೊನೆಗೆ ನಾನೇ ಕೆಣಕಿದೆ: "ಮಾವಾ, ಈಗರೆ ನನ್ನ ಮೀಟರಿಗೆ ಒಂದೀಟು ಬೈರಿ."

ಅವರು ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಿಮ್ಮಕ್ಕಗ ನಾ ಏನಂತ ಹೇಳ್ತಿದ್ನಲೇ?" ಎಂದರು.