ಎರಡು ಹೆಸರಿನ ಷೇರುಪತ್ರ

ಕಾಗದದ ಷೇರುಗಳನ್ನೆಲ್ಲ ಡಿಮ್ಯಾಟ್‌ಗೆ, ಅಂದರೆ ಕಂಪ್ಯೂಟರ್ ಖಾತೆಗೆ, ಹಾಕಿಸುತ್ತಿದ್ದ ಕಾಲ. ಶಿವಾಜಿನಗರದ ಒಬ್ಬ ಷೇರು ಬ್ರೋಕರ್ ಆಫೀಸಿನ ಕೌಂಟರಿನಲ್ಲಿ ನಾನು ಕೂರುತ್ತಿದ್ದೆ. ಒಂದು ದಿನ ಕುಕ್ ಟೌನಿನಿಂದ ವಯಸ್ಸಾದ ಹೆಂಗಸೊಬ್ಬರು ಷೇರುಪತ್ರವೊಂದನ್ನು ತಂದರು. ಅದರಲ್ಲಿ ಮುನಿರಾಜು, ರೀಟಾ ಅಂತ ಎರಡು ಹೆಸರು.

"ಯಜಮಾನ್ರು ಬಂದಿಲ್ವಾಮ್ಮ?"

"ಹೋಗ್ಬಿಟ್ರಪ್ಪ, ಎರಡು ವರ್ಷ ಆಯ್ತು."

"ಹಾಗಾದ್ರೆ ಮೊದಲು ಅವರ ಹೆಸರು ತೆಗೆಸ್ಬೇಕು. ಆಮೇಲೆ ಈ ಪತ್ರ ರದ್ದು ಮಾಡಿ ಕಂಪನಿಗೆ ಕಳಿಸ್ತೀವಿ."

ಆಕೆ ಪತ್ರವನ್ನು ನನ್ನ ಕೈಯಿಂದ ಮೆಲ್ಲಗೆ ಎಳೆದುಕೊಂಡರು.

"ನಮ್ಮ ಮದ್ವೆಗೆ ಎರಡು ಮನೆಯವರೂ ಒಪ್ಲಿಲ್ಲ. ಕಾರ್ಡೂ ಪ್ರಿಂಟ್ ಮಾಡಿಸ್ಲಿಲ್ಲ. ನಮ್ಮಿಬ್ಬರ ಹೆಸರು ಒಟ್ಟಿಗೆ ಅಚ್ಚಾಗಿರೋದು ಇದೊಂದ್ರಲ್ಲೇ. ಇದು ಪೋಸ್ಟಲ್ಲಿ ಬಂದ ದಿನ, 'ನಮ್ಮ ಮದ್ವೆ ಕಾರ್ಡ್ ಬಂತು ನೋಡು ರೀಟಾ' ಅಂತ ಗೇಟಿಂದಾನೇ ಕೂಗಿದ್ರು."

"ಹೀಗೇ ಇಟ್ಕೊಂಡ್ರೆ ಮಾರೋಕಾಗಲ್ಲಮ್ಮ" ಅಂದೆ.

"ಮದ್ವೆ ಕಾರ್ಡ್ ಯಾರಾದ್ರೂ ಮಾರ್ತಾರೇನಪ್ಪ?"

ಪತ್ರವನ್ನು ಮಡಿಸದೆ, ಹಾಗೇ ಎದೆಗವಚಿಕೊಂಡು ಹೊರಟರು.

ಆಮೇಲೆ ಎಷ್ಟೋ ವರ್ಷ, "ಮಾರೋಕೆ ಆತುರ ಪಡಬೇಡಿ, ಇಟ್ಕೊಳ್ಳಿ" ಅಂತ ಗಿರಾಕಿಗಳಿಗೆ ಬುದ್ಧಿ ಹೇಳಿದೆ. ಅದನ್ನು ಪಾಲಿಸಿದ್ದು ಆಕೆ ಒಬ್ಬರೇ, ಅದೂ ನಾನು ಹೇಳುವ ಮೊದಲೇ.